ದಿನಕ್ಕೊಂದರಂತೆ ಮೂವತ್ತು ಮಾತ್ರೆ

"ಇದನ್ನ ನಾನು ಕೊಡಲ್ಲ" ಎಂದು ಔಷಧಿ ಅಂಗಡಿಯವನು ಚೀಟಿಯನ್ನು ಗಾಜಿನ ಕೌಂಟರಿನ ಮೇಲೆ ಕುಕ್ಕಿದ.

ಎದುರಿಗೆ ನಿಂತಿದ್ದ ಹಿರಿಯರು ಬೇಸರಪಡಲಿಲ್ಲ. "ಕೊಡಲ್ವಾ? ಖಂಡಿತ ಕೊಡಲ್ವಾ?" ಎಂದು ಕೇಳಿದರು.

"ಯಜಮಾನ್ರೇ, ಇದು ಕೀಲುನೋವಿಗೆ ವಾರಕ್ಕೆ ಒಂದೇ ಒಂದು ನುಂಗೋ ಮಾತ್ರೆ. ನಿಮ್ಮ ಡಾಕ್ಟರಮ್ಮ ದಿನಕ್ಕೊಂದರ ಹಾಗೆ ಮೂವತ್ತು ಬರೆದಿದ್ದಾರೆ. ಹೀಗೆ ನುಂಗಿದರೆ ಬಾಯೆಲ್ಲ ಹುಣ್ಣಾಗಿ, ರಕ್ತ ಕೆಟ್ಟು, ಜೀವಕ್ಕೇ ಕುತ್ತು ಬರುತ್ತೆ. ಚೀಟಿ ಇಲ್ಲೇ ಇರಲಿ, ನಾನೇ ಹೋಗಿ ಸರಿಮಾಡಿಸಿ ತರ್ತೀನಿ."

ಅವನು ಕೈ ಚಾಚುವಷ್ಟರಲ್ಲಿ ಹಿರಿಯರು ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡು, ಏನೋ ಗುನುಗುತ್ತ ಮೆಟ್ಟಿಲಿಳಿದುಬಿಟ್ಟರು. ಪಕ್ಕದ ಗಿರಾಕಿಗೆ ಕೆಮ್ಮಿನ ಬಾಟಲಿ ಕೊಟ್ಟು ಅವನು ಹೊರಗೆ ಬರುವ ಹೊತ್ತಿಗೆ ಅವರು ಜನರ ನಡುವೆ ಕಾಣೆಯಾಗಿದ್ದರು.

ಅದೇ ಚೀಟಿ ಹಿಡಿದು ಈ ಮನುಷ್ಯ ಬೇರೆ ಅಂಗಡಿಗೆ ಹೋದರೆ? ಆ ರಸ್ತೆಯಲ್ಲಿ ಅವನದೂ ಸೇರಿ ನಾಲ್ಕು ಔಷಧಿ ಅಂಗಡಿಗಳಿದ್ದವು. ಮೂಲೆಯ ಅಂಗಡಿಗೆ ಓಡಿ ವಿಷಯ ಹೇಳಿದ. ಅಲ್ಲಿಯವನು ಮೊಬೈಲಿನಿಂದ ತಲೆ ಎತ್ತಲಿಲ್ಲ.

"ಹೋಗಯ್ಯಾ ತಕರಾರು. ಅಂಥ ಚೀಟಿ ಬಂದರೆ ಹಿಡಿಯೋಕೆ ನಮಗೂ ಕಣ್ಣಿದೆ."

ಒಂದೊಂದು ಚೀಟಿಗೂ ಏನಾದರೊಂದು ಕ್ಯಾತೆ ತೆಗೆಯುತ್ತಾನೆಂದು ರಸ್ತೆಯವರು ಅವನಿಗಿಟ್ಟ ಅಡ್ಡಹೆಸರು ತಕರಾರು. ಅದಕ್ಕೆ ಬೇಜಾರು ಮಾಡಿಕೊಳ್ಳುವ ಹೊತ್ತು ಇದಲ್ಲ. ರೋಗಿಯ ಮನೆ ಎಲ್ಲಿದೆಯೆಂದು ಬಲ್ಲವಳು ಬರೆದವಳೊಬ್ಬಳೇ.

ರಸ್ತೆ ದಾಟುವಷ್ಟರಲ್ಲಿ ಅವನ ಪಿತ್ತ ನೆತ್ತಿಗೇರಿತ್ತು. ಈ ಹೆಂಗಸು ಇಪ್ಪತ್ತು ವರ್ಷದಿಂದ ಕ್ಲಿನಿಕ್ಕಿನೊಳಗೇ ಔಷಧಿ ಬೀರು ಇಟ್ಟುಕೊಂಡು, ತಾನೇ ಬರೆದು ತಾನೇ ಪೊಟ್ಟಣ ಕಟ್ಟುತ್ತಾಳೆ. ಮಾತ್ರೆಯ ಹೆಸರೇನು ಎಂದು ಕೇಳುವ ಧೈರ್ಯ ರೋಗಿಗಿಲ್ಲ, ಹೇಳುವ ಪುರುಸೊತ್ತು ಅವಳಿಗಿಲ್ಲ. ಈ ವರ್ಷ ಅವಳ ಚೀಟಿ ಅವನ ಕೈಗೆ ಬಂದದ್ದು ಮೂರೇ ಮೂರು ಸಲ. ಮೂರೂ ತಪ್ಪು. ಮೊದಲನೆಯದರಲ್ಲಿ ಎಂಟು ತಿಂಗಳ ಮಗುವಿನ ಜ್ವರಕ್ಕೆ ದೊಡ್ಡವರ ಅಳತೆ. ಎರಡನೆಯದರಲ್ಲಿ ರಕ್ತ ತೆಳುವಾಗಿಸುವ ಮಾತ್ರೆಯ ಜೊತೆಗೆ, ಅದರ ಹತ್ತಿರವೂ ಸುಳಿಯಬಾರದ ನೋವಿನ ಮಾತ್ರೆ. ಎರಡು ಸಲವೂ ಅವನು ಫೋನ್ ಮಾಡಿ ಕೂಗಾಡಿದ್ದ. ಆಕೆ ಕೇಳಿದ್ದು ಇಷ್ಟೇ: "ಕೊಟ್ಟಿರಾ?" ಇಲ್ಲವೆಂದಾಗ "ಸರಿ" ಎಂದು ಫೋನ್ ಇಟ್ಟಿದ್ದಳು. ತಪ್ಪಾಯಿತು ಎನ್ನಲು ನಾಲಿಗೆ ಸವೆಯುತ್ತಿತ್ತೇ?

ಕ್ಲಿನಿಕ್ಕಿನ ಬೆಂಚಿನ ಮೇಲೆ ಏಳೆಂಟು ಜನ ಕಾಯುತ್ತಿದ್ದರು. "ಟೋಕನ್ ತಗೊಂಡು ಕೂತ್ಕೊಳ್ಳಿ" ಎಂದು ನರ್ಸ್ ಅಡ್ಡ ಬಂದಳು. ಅವನು ಅವಳನ್ನು ದಾಟಿಕೊಂಡು ಒಳಗೆ ನುಗ್ಗಿದ.

"ಅವರ ಮನೆ ಎಲ್ಲಿ? ಬೇಗ ಹೇಳಿ. ವಾರದ ಮಾತ್ರೆನ ದಿನಕ್ಕೊಂದು ಅಂತ ಬರೆದಿದ್ದೀರಿ. ಚೀಟಿ ತಗೊಂಡು ಹೋಗಿಬಿಟ್ಟರು."

ಡಾಕ್ಟರಮ್ಮ ಕನ್ನಡಕ ತೆಗೆದು ಅವನನ್ನು ನೋಡಿದಳು. "ನೀವು ಕೊಡಲಿಲ್ಲ ತಾನೇ?"

ಅವನಿಗೆ ಮೈಯೆಲ್ಲ ಉರಿದುಹೋಯಿತು.

"ಒಬ್ಬರ ಜೀವ ಹೋಗೋ ಹಾಗಿದೆ, ಮತ್ತೆ ಅದೇ ಪ್ರಶ್ನೆನಾ? ನಿಮಗೆ ಬರೆಯೋಕೆ ಮಾತ್ರ ಬರುತ್ತೆ ಅನ್ಕೊಂಡಿದ್ದೆ, ಈಗ ಅದೂ ಬರಲ್ಲ ಅಂತ ಗೊತ್ತಾಯ್ತು. ಆ ಬೀರುವಿನಿಂದ ಹೀಗೇ ಎಷ್ಟು ಜನಕ್ಕೆ ಕೊಟ್ಟಿದ್ದೀರೋ, ಯಾರಿಗೆ ಗೊತ್ತು?"

"ಹೋದ ವರ್ಷ ಒಬ್ಬರಿಗೆ ತಪ್ಪು ಮಾತ್ರೆ ಕೊಟ್ಟೆ" ಎಂದಳು ಆಕೆ, ಟೋಕನ್ ಸಂಖ್ಯೆ ಹೇಳುವಷ್ಟೇ ಸಲೀಸಾಗಿ. "ಬರೆದವಳೂ ನಾನೇ, ಕೊಟ್ಟವಳೂ ನಾನೇ. ಹಿಡಿಯೋರು ಯಾರೂ ಇರಲಿಲ್ಲ. ಅವರು ಬದುಕಿದ್ದು ಅವರ ಅದೃಷ್ಟ."

ಎಂಥ ಭಂಡತನ.

"ಅದಕ್ಕೇ ಹೇಳೋದು, ನೀವು ಬರೀರಿ, ಕೊಡೋದನ್ನ ನಮಗೆ ಬಿಡಿ. ಔಷಧಿ ಕೊಡೋದು ಅಂದ್ರೆ ಪೊಟ್ಟಣ ಕಟ್ಟೋದಲ್ಲ, ಓದೋದು. ಅದಕ್ಕಂತಲೇ ನಾವು ನಾಲ್ಕು ವರ್ಷ ಕಲಿತಿದ್ದೀವಿ."

"ನಾನೂ ಅದನ್ನೇ ಯೋಚಿಸ್ತಿದ್ದೀನಿ. ಯಾರ ಕೈಗೆ ಬಿಡೋದು ಅನ್ನೋದೇ ಪ್ರಶ್ನೆ."

ಈ ಮಾತು ಅವನ ಕೆನ್ನೆಗೆ ಬಾರಿಸಿದಂತಾಯಿತು. ಇಷ್ಟು ಹೊತ್ತೂ ಅವನಿಗೆ ಮೂಲೆಯ ಅಂಗಡಿಯ ಬಗ್ಗೆ ಒಂದು ಅಳುಕಿತ್ತು. ಆದರೂ ಕಸುಬಿನ ಮರ್ಯಾದೆ ಬಿಡಲು ಮನಸ್ಸು ಒಪ್ಪಲಿಲ್ಲ.

"ಯಾರ ಕೈಗಾದರೂ ಬಿಡಿ. ಈ ರಸ್ತೆಯ ನಾಲ್ಕು ಅಂಗಡಿಯಲ್ಲಿ ಯಾವುದಕ್ಕೆ ಹೋದರೂ ಆ ಚೀಟಿ ವಾಪಸ್ ಬರುತ್ತೆ. ನಮ್ಮವರು ಯಾರೂ ಓದದೆ ಕೊಡೋರಲ್ಲ. ತಪ್ಪು ನಿಮ್ಮಂಥವರದು, ಬೈಗುಳ ಮಾತ್ರ ನಮಗೆ. ಈಗ ವಿಳಾಸ ಹೇಳ್ತೀರೋ, ಹೊರಗೆ ಕೂತಿರೋ ಅಷ್ಟೂ ಜನರ ಮುಂದೆ ಕೇಳಲೋ?"

"ವಿಳಾಸ ಬೇಡ. ಅವರೇ ಬರ್ತಾರೆ. ಎರಡು ನಿಮಿಷ ಕೂತ್ಕೊಳ್ಳಿ."

ಅವನು ಕೂರಲಿಲ್ಲ. ಇವಳ ಮೇಲೆ ದೂರು ಬರೆಯಬೇಕು, ಈ ಕ್ಲಿನಿಕ್ಕಿಗೆ ಬೀಗ ಹಾಕಿಸಬೇಕು ಎಂದು ಮನಸ್ಸಿನಲ್ಲೇ ಸಾಲು ಜೋಡಿಸತೊಡಗಿದ.

ಮನೆಯ ಕಡೆಯ ಒಳಬಾಗಿಲು ತೆರೆಯಿತು. ಅದೇ ಹಿರಿಯರು ಗುನುಗುತ್ತಲೇ ಬಂದು, ಚೀಲದಿಂದ ಮೂರು ಔಷಧಿ ಪೊಟ್ಟಣ ತೆಗೆದು ಡಾಕ್ಟರಮ್ಮನ ಮುಂದೆ ಸಾಲಾಗಿ ಇಟ್ಟರು. ಮೊದಲನೆಯದರ ಮೇಲೆ ಮೂಲೆಯ ಅಂಗಡಿಯ ಮುದ್ರೆಯಿತ್ತು.

"ಉಳಿದ ಮೂರು ಅಂಗಡಿಯವರೂ ಈ ಸಲವೂ ಏನೂ ಕೇಳದೆ ಕೊಟ್ಟುಬಿಟ್ಟರು ಅಕ್ಕ" ಎಂದರು. "ನೀನು ಬೇಕಂತ ತಪ್ಪು ಬರೆದಿದ್ದನ್ನ ಮೂರು ಸಲವೂ ಹಿಡಿದಿದ್ದು ಇವರೊಬ್ಬರೇ."