ನಲವತ್ತು ಮೀಟರ್

ಇದು ಕೇಳಿದ ಕಥೆಯಲ್ಲ, ನಾನೇ ಕಣ್ಣಾರೆ ಕಂಡದ್ದು...

ನಮ್ಮ ವಿಶ್ವವಿದ್ಯಾಲಯ ಚಿಕ್ಕದು. ಗೇಟಿನ ಕಮಾನು ಮಾತ್ರ ಭಾರಿ ದೊಡ್ಡದು!

ಕ್ರೀಡಾ ವಿಭಾಗ ಅಂತ ಒಂದಿದೆ. ವರ್ಷಕ್ಕೊಮ್ಮೆ ಅತಿಥಿಗಳು ಬಂದು ಬಲೂನು ಹಾರಿಸಿ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಉಳಿದ ದಿನಗಳಲ್ಲಿ ಮೈದಾನದಲ್ಲಿ ಇರುತ್ತಿದ್ದವರು ಇಬ್ಬರೇ.

ಒಬ್ಬಳು ಬೋರಮ್ಮ, ಇತಿಹಾಸದ ಎಂ.ಎ. ವಿದ್ಯಾರ್ಥಿನಿ, ಜಾವೆಲಿನ್ ಎಸೆಯುವವಳು. ಇನ್ನೊಬ್ಬರು ದಸ್ತಗೀರ ಕಾಕಾ, ಮೈದಾನಕ್ಕೆ ಸುಣ್ಣದ ಗೆರೆ ಹಾಕುವ ಮಾರ್ಕರ್.

ನಾನು ಅಲ್ಲಿನ ಲೈಬ್ರರಿ ಗುಮಾಸ್ತ. ನನ್ನ ಕಿಟಕಿಯಿಂದ ಇಡೀ ಮೈದಾನ ಕಾಣುತ್ತದೆ, ಅಲ್ಲಿನ ಮಾತೂ ಕೇಳುತ್ತದೆ.

ಜಾವೆಲಿನ್ ಎಸೆಯಲು ಒಬ್ಬರು ಸಾಕು, ಅಳೆಯಲು ಇಬ್ಬರು ಬೇಕು. ಅದು ಬಿದ್ದ ಜಾಗದಲ್ಲಿ ಬೋರಮ್ಮ ಟೇಪಿನ ತುದಿ ಹಿಡಿದು ಕೂರುತ್ತಿದ್ದಳು. ಎಸೆಯುವ ಗೆರೆಯ ಹತ್ತಿರ ನಿಂತ ಕಾಕಾ ಅಳತೆ ಓದಿ ಕೂಗುತ್ತಿದ್ದರು.

ನಲವತ್ತು ಮೀಟರ್ ದಾಟಿದರೆ ಮಾತ್ರ ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ ಕಳಿಸುತ್ತೇವೆ ಎಂದು ವಿಭಾಗದವರು ಹೇಳಿದ್ದರು. ಅವಳದು ಮೂವತ್ತೆಂಟು ದಾಟಿದರೆ ಹೆಚ್ಚು...

ಜೊತೆಗಾರರಿಲ್ಲ, ಕೋಚ್ ಇಲ್ಲ. ಭೇಷ್ ಅನ್ನುವವರೂ ಇಲ್ಲ.

ಒಂದು ಸಂಜೆ ಅವಳು ಹೇಳಿಯೇಬಿಟ್ಟಳು. "ಇವತ್ತ ನಲವತ್ತು ಆಗಲಿಲ್ಲಂದ್ರ ನಾಳಿಂದ ಬರಂಗಿಲ್ರಿ ಕಾಕಾ. ಸಾಕಾಗೇದ."

ಎಸೆದಳು. ಓಡಿಹೋಗಿ ಟೇಪಿನ ತುದಿ ಹಿಡಿದಳು.

"ಎಷ್ಟಾತ್ರಿ?"

ಕಾಕಾ ಬಗ್ಗಿ ನೋಡಿದರು... ಮತ್ತೊಮ್ಮೆ ನೋಡಿದರು.

"ನಲವತ್ತರ ಮ್ಯಾಲ ಹತ್ತು ಸೆಂಟಿಮೀಟರ್!"

ಅವಳು ಕುಣಿದಾಡಿಬಿಟ್ಟಳು. ಕಾಕಾ ಬರೆದುಕೊಟ್ಟ ಅಳತೆಯನ್ನು ನಂಬಿ ವಿಭಾಗದವರು ಅವಳ ಹೆಸರು ಕಳಿಸಿದರು. ಬಂದು ನೋಡುವ ಪುರುಸೊತ್ತು ಯಾರಿಗಿತ್ತು?

ಎರಡು ದಿನದ ರೈಲು ಪ್ರಯಾಣ. ಒಬ್ಬಳೇ ಹೋದಳು... ಮೊದಲ ಸುತ್ತಿನಲ್ಲೇ ಹೊರಬಿದ್ದಳು. ಮೂರು ಎಸೆತದಲ್ಲಿ ಒಳ್ಳೆಯದು ಅಂದರೆ ಮೂವತ್ತೆಂಟು ಮೀಟರ್ ಅರವತ್ತು.

ವಾಪಸ್ ಬಂದವಳು ಹೆಗಲ ಬ್ಯಾಗು ಇಳಿಸದೆ ನೇರ ಮೈದಾನಕ್ಕೆ ಬಂದಳು. ನಾನು ಸೈಕಲ್ ತೆಗೆಯುತ್ತಿದ್ದೆ, ಮಾತೆಲ್ಲ ಕಿವಿಗೆ ಬಿತ್ತು.

"ಕಾಕಾ, ಅವತ್ತ ಖರೇನ ಎಷ್ಟಿತ್ತು?"

ಕಾಕಾ ತಲೆ ತಗ್ಗಿಸಿದರು. "ಮೂವತ್ತೆಂಟು ಇತ್ತವ್ವಾ... ನಾನ ಸುಳ್ಳು ಹೇಳ್ದೆ."

"ಎಲ್ಲಾರ ಮುಂದ ನನ್ನ ಮರ್ಯಾದಿ ಹೋತು! ಯಾಕ ಹೇಳಿದ್ರಿ?"

"ನಾಳಿಂದ ಬರಂಗಿಲ್ಲ ಅಂದಿದ್ದೆಲ್ಲ ನೀ..." ಕಾಕಾ ಖಾಲಿ ಮೈದಾನದ ಕಡೆ ಕೈ ತೋರಿಸಿದರು. "ನೀ ಬರೂಕಿಂತ ಮೊದಲ ನಾಕು ವರ್ಷ ಇಲ್ಲಿ ಒಂದು ಹುಳಾನೂ ಬರ್ತಿದ್ದಿಲ್ಲವ್ವಾ. ನೀನೂ ಹೋದ್ರ ನಾ ಯಾರ ಸಲುವಾಗಿ ಗೆರಿ ಹಾಕ್ಲಿ?"

ಅವಳು ಬ್ಯಾಗು ಸರಿಮಾಡಿಕೊಂಡು ಹೊರಟುಹೋದಳು.

ನಾಲ್ಕು ದಿನ ಬರಲಿಲ್ಲ. ಕಾಕಾ ಮಾತ್ರ ದಿನಾ ಗೆರೆ ಹಾಕಿ, ಒಬ್ಬರೇ ಕೂತು, ಕತ್ತಲಾಗುವ ಮೊದಲು ಎದ್ದು ಹೋಗುತ್ತಿದ್ದರು. ನೋಡಲಾಗುತ್ತಿರಲಿಲ್ಲ.

ಐದನೆಯ ದಿನ ಬೋರಮ್ಮ ಬಂದಳು! ಎಸೆದಳು, ಹೋಗಿ ಟೇಪು ಹಿಡಿದು ಕೂತಳು.

ಕಾಕಾ ಬಗ್ಗಿ ಅಳತೆ ನೋಡಿದರು.

"ಎಷ್ಟ್ರಿ ಕಾಕಾ?"

ಕಾಕಾ ಟೇಪಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ನೋಡಿದರು.

"ಹೇಳ್ರಿ, ನಾ ಎಲ್ಲೀನೂ ಹೋಗಂಗಿಲ್ಲ."

"ಮೂವತ್ತಾರು... ಮೂವತ್ತಾರನೂ ಪೂರಾ ಇಲ್ಲವ್ವಾ."

"ಖರೇನಾ?"

"ಖರೇ."

"ಹಾಂಗಾರ ಅಲ್ಲೇ ನಿಲ್ರಿ, ಇನ್ನೊಂದು ಒಗೀತೀನಿ!"

ಕಾಕಾ ಮುಖ ಆಚೆ ತಿರುಗಿಸಿ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು.

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಎರಡು ವರ್ಷ ಅವರಿಬ್ಬರನ್ನೂ ದಿನಾ ನೋಡಿದ್ದೆ... ಒಂದು ದಿನವೂ ಕೆಳಗಿಳಿದು ಹೋಗಿ "ಚೆನ್ನಾಗಿ ಎಸೆದೆಯಮ್ಮಾ" ಅಂದಿರಲಿಲ್ಲ.

*ಸೋಲನ್ನು ಮನುಷ್ಯ ಹೇಗೋ ತಡೆದುಕೊಳ್ಳುತ್ತಾನೆ... ಜೊತೆಗೆ ಯಾರೂ ಇಲ್ಲ ಅನ್ನುವುದನ್ನಲ್ಲ.*

ನೀವು ದಿನವೂ ನೋಡುವ, ಆದರೆ ಒಮ್ಮೆಯೂ ಮಾತಾಡಿಸದ ಆ ಒಬ್ಬರು ಯಾರು?