ನಾಲ್ಕನೆಯ ಪರೀಕ್ಷೆ ಮಾತ್ರೆ

ಹತ್ತು ಗಂಟೆಗೆ ಮಾತ್ರೆ ಕಾರ್ಖಾನೆಯಲ್ಲಿ ಶಿವಮಣಿ, ಯಂತ್ರ ಸರಿಯಿದೆಯೇ ಎಂದು ನೋಡಲು, ಮೆಟಲ್ ಡಿಟೆಕ್ಟರಿನೊಳಗೆ ಪರೀಕ್ಷೆ ಮಾತ್ರೆಗಳನ್ನು ಒಂದೊಂದಾಗಿ ಬಿಟ್ಟಳು. ಕಬ್ಬಿಣದ್ದಕ್ಕೆ ಯಂತ್ರ ಕೂಗಿತು. ಹಿತ್ತಾಳೆಯದಕ್ಕೂ ಸ್ಟೀಲಿನದಕ್ಕೂ ಕೂಗಿತು. ನಾಲ್ಕನೆಯದು ದುಃಖದ್ದು. ಮಾಡುವವರ ದುಃಖ ಬೆರೆತ ಮಾತ್ರೆಯನ್ನು ರೋಗಿಗಳಿಗೆ ಕೊಡುವಂತಿರಲಿಲ್ಲ; ಯಂತ್ರ ಅದನ್ನೂ ಹಿಡಿಯಬೇಕಿತ್ತು.

ಮಗಳು ತನುಜಾ ತೀರಿಕೊಂಡ ವಾರ, ಶಿವಮಣಿಯ ಕಣ್ಣೀರಿನಿಂದಲೇ ಅದನ್ನು ಮಾಡಿದ್ದರು. ಅವಳಲ್ಲಿ ದುಃಖವಿರುವ ತನಕ ಅದು ಯಂತ್ರವನ್ನು ಕೂಗಿಸುತ್ತದೆ. ಆರು ವರ್ಷ ಗಂಟೆಗೊಮ್ಮೆ ಕೂಗಿಸಿತ್ತು. ಇವತ್ತು ಸದ್ದಿಲ್ಲದೆ ಒಳ್ಳೆಯ ಮಾತ್ರೆಗಳ ಡಬ್ಬಿಗೆ ಬಿತ್ತು.

ಶಿವಮಣಿ ಯಂತ್ರ ನಿಲ್ಲಿಸಿದಳು. ಸೂಪರ್‌ವೈಸರ್ ಗುರುಪಾದ ಓಡಿಬಂದ.

“ಮಷೀನ್ ಕೆಟ್ಟೋಯ್ತಾ?”

“ಮಷೀನ್ ಸರಿಯಾಗೈತೆ ಸಾ. ಮಾತ್ರೇಲೇ ಏನೂ ಉಳಿದಿಲ್ಲ.”

ಅವನು ದಾಖಲೆ ಪುಸ್ತಕ ತೆರೆದ. ಆಮೇಲೆ ನಿಯಮದಂತೆ ಕೇಳಲೇಬೇಕಾದದ್ದನ್ನು ಮೆಲ್ಲಗೆ ಕೇಳಿದ.

“ಕೊನೇ ಸಲ ಯಾವಾಗ ಕೂಗ್ತಮ್ಮ?”

“ಒಂಬತ್ತಕ್ಕೆ.”

“ಹಂಗಾದ್ರೆ ಅಲ್ಲಿಂದೀಚೆಗಿನ ಮಾತ್ರೆ ಎಲ್ಲಾ ತಡೆದಿಡ್ಬೇಕು. ಈ ಒಂದು ಗಂಟೇಲಿ ಏನಾಯ್ತು ಅಂತ ಬರೀಬೇಕಲ್ಲ, ಏನ್ ಬರೀಲಿ?”

ಶಿವಮಣಿ ತನ್ನ ಕೈಗವಸುಗಳನ್ನೇ ನೋಡುತ್ತ ನಿಂತಳು.

“ಕ್ಯಾಂಟೀನಲ್ಲಿ ಉಪ್ಪಿಟ್ಟು ತಿಂತಿದ್ದೆ ಸಾ. ಯಾರೋ ಏನೋ ಅಂದ್ರು. ನಕ್ಬುಟ್ಟೆ.”