ಆನ್‌ರೋಡ್ ಬೆಲೆ

ಕಾರು ಶೋರೂಮಿನ ಬಾಗಿಲು ತಳ್ಳಿಕೊಂಡು ಬಂದವರನ್ನು ಕಂಡು ಸೇಲ್ಸ್‌ಮನ್ ರುದ್ರೇಶ ಥಟ್ಟನೆ ಎದ್ದು ನಿಂತ. ಅವನು ಮಗಳಿಗೆ ಎಲ್‌ಕೆಜಿ ಸೀಟು ಕೇಳಿದ್ದ ಶಾಲೆಯ ಸೆಕ್ರೆಟರಿ ಅವರು. ಅರವತ್ತು ಸಾವಿರ ಡೊನೇಷನ್ ಕಟ್ಟಿದರೆ ಸೀಟು, ಇಲ್ಲದಿದ್ದರೆ ಇಲ್ಲ. ಈ ಹೊತ್ತು ಇವರನ್ನು ಖುಷಿಪಡಿಸಿದರೆ ಒಂದಿಷ್ಟು ಇಳಿಸಿಯಾರು ಎಂದುಕೊಂಡು ತಾನೇ ಕುರ್ಚಿ ಎಳೆದು ಕೂರಿಸಿದ.

ಸೆಕ್ರೆಟರಿ ಕೊಟೇಷನ್ ಮೇಲೆ ಬೆರಳಿಟ್ಟರು. "ಇದೇನ್ರೀ, ಹ್ಯಾಂಡ್ಲಿಂಗ್ ಚಾರ್ಜು ಎಂಟು ಸಾವಿರ? ಕಾರನ್ನ ಹೆಗಲ ಮೇಲೆ ಹೊತ್ಕೊಂಡು ಬಂದ್ರಾ?"

"ತೆಗೆದುಬಿಡ್ತೀನಿ ಸಾರ್."

"ಮ್ಯಾಟು, ಸೀಟ್ ಕವರು?"

"ಫ್ರೀ ಸಾರ್."

"ಇನ್ಶೂರೆನ್ಸು ಹೊರಗಡೆ ಇದರ ಅರ್ಧಕ್ಕೆ ಸಿಗುತ್ತೆ. ನಮ್ಮನ್ನೇನು ಕುರಿ ಅಂದ್ಕೊಂಡ್ರಾ? ನ್ಯಾಯವಾದ ರೇಟು ಹೇಳ್ರೀ, ಇಲ್ಲಾಂದ್ರೆ ಎದುರುಗಡೆ ಶೋರೂಮಿಗೆ ಹೊರಟೆ."

ರುದ್ರೇಶ ಮ್ಯಾನೇಜರ್ ಕೋಣೆಗೆ ಎರಡು ಸಲ ಓಡಿದ. ಕೊನೆಗೆ ತನಗೆ ಬರಬೇಕಿದ್ದ ಇನ್ಸೆಂಟಿವನ್ನೂ ಬಿಟ್ಟುಕೊಟ್ಟು ಒಟ್ಟು ನಲವತ್ತು ಸಾವಿರ ಇಳಿಸಿದ. ಸೆಕ್ರೆಟರಿ ಸಹಿ ಹಾಕಿ, ಅವನು ತರಿಸಿದ ಬಾದಾಮಿ ಹಾಲನ್ನೂ ಕುಡಿದು, ಬೆನ್ನು ತಟ್ಟಿದರು. "ಭೇಷ್! ಬಾಯಿಬಿಟ್ಟು ಕೇಳಿದ್ರೆ ತಾನೇ ಕಮ್ಮಿ ಆಗೋದು?"

ಇದೇ ಸಮಯವೆಂದು ಅವನು ಕೈಮುಗಿದ. "ಸಾರ್, ನನ್ನ ಮಗಳ ಅರ್ಜಿ ನಿಮ್ಮ ಸ್ಕೂಲಲ್ಲಿದೆ. ಡೊನೇಷನ್ ಅರವತ್ತು ಅಂದ್ರು. ತಾವು ಮನಸ್ಸು ಮಾಡಿ ಒಂದು ಹತ್ತು ಸಾವಿರ ಬಿಟ್ಟುಕೊಟ್ರೆ..."

ಸೆಕ್ರೆಟರಿಯ ಮುಖದ ನಗು ಮಾಯವಾಯಿತು. ಅವರು ಎರಡೂ ಕೆನ್ನೆ ಮುಟ್ಟಿಕೊಂಡರು.

"ಛೆ ಛೆ, ವಿದ್ಯೆ ಅಂದ್ರೆ ಸಾಕ್ಷಾತ್ ಸರಸ್ವತಿ ಕಣಯ್ಯಾ, ಆ ತಾಯಿ ಹತ್ರಾನೂ ಚೌಕಾಶಿ ಮಾಡ್ತೀಯಾ?"